ಅಪ್ಪಾ, ನಿನ್ನ ಕುರಿಗಳ ವಿಷಯ

ಅಪ್ಪಾ,

ನಿನಗೆ ಒಂದು ಮಾತು ಹೇಳಬೇಕು. ಬೇರೆ ಯಾರಾದರೂ ಅಲ್ಲಿಗೆ ಬಂದು ನಿನ್ನ ಕಿವಿಗೆ ಹಾಕುವ ಮೊದಲು ನಾನೇ ಹೇಳಿಬಿಡಬೇಕು. ನಿನ್ನ ಕುರಿಗಳ ವಿಷಯ. ಸಿಟ್ಟಾಗುವುದಿದ್ದರೆ ಪೂರ್ತಿ ಓದಿದ ಮೇಲೆ ಆಗು. ಅಕ್ಷರ ಬಾರದವನಿಗೆ ಪತ್ರ ಬರೆಯುತ್ತಿದ್ದೇನೆ ನೋಡು, ನನ್ನ ಬುದ್ಧಿಗಿಷ್ಟು... ಇರಲಿ. ಬದುಕಿದ್ದಾಗ ಬಾರದ್ದು ಈಗ ಬಂದಿದ್ದರೂ ಬಂದಿರಬಹುದು.

ಈ ಕೋರ್ಸಿಗೆ ನನ್ನ ಹೆಸರು ಬಂದ ದಿನ ನೀನು ಸಾಯಗಾಂವದ ತುಂಬ ಸುತ್ತಿ, ಮಗಳು ಅರ್ಧ ಡಾಕ್ಟರ್ ಆಗುತ್ತಾಳೆ ಎಂದು ಹೇಳಿಬಂದೆ. ಅದು ಹಾಗಲ್ಲ ಅಪ್ಪಾ, ಹನ್ನೆರಡು ವರ್ಷ ಔರಾದ ಕಡೆಯ ಸರ್ಕಾರಿ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದವಳಿಗೆ ಈಗ ನರ್ಸ್ ಪ್ರಾಕ್ಟೀಷನರ್ ತರಬೇತಿ, ಅದೂ ಬರೀ ಹೆರಿಗೆಯದು, ಒಂದೂವರೆ ವರ್ಷ ಬೀದರಿನಲ್ಲಿ ಕಲಿಯಬೇಕು ಎಂದು ಬಿಡಿಸಿ ಹೇಳಿದೆ. ಮುಗಿಸಿದರೆ ತೊಡಕಿಲ್ಲದ ಹೆರಿಗೆ ನನ್ನದೇ ಜವಾಬ್ದಾರಿ, ತೊಡಕಾದರೆ ಮಾತ್ರ ಡಾಕ್ಟರನ್ನು ಕರೆಯುವುದು ಎಂದೆ. ನೀನು ಕಂಬಳಿ ಕೊಡವುತ್ತ, "ಅದನ್ನ ನಾ ನಲ್ವತ್ತು ವರ್ಷದಿಂದ ಮಾಡ್ತೇನಿ. ನನಗ್ಯಾರೂ ಅರ್ಧ ಡಾಕ್ಟರ್ ಅನ್ಲಿಲ್ಲ" ಎಂದೆ. ನೀನು ತೀರಿದ ಮೇಲೆ ನಿನ್ನ ದಿನದ ಊಟದಂದು, ಆ ಮಾತು ನಂಬಿದ ಊರಿನ ಮೂವರು ನನ್ನ ಮುಂದೆ ಮೊಣಕಾಲು ಚಾಚಿ ಗುಳಿಗೆ ಕೇಳಿದರು. ಅಳಬೇಕೋ ನಗಬೇಕೋ ತಿಳಿಯದೆ, ಆಸ್ಪತ್ರೆಗೆ ಹೋಗಿ ತೋರಿಸಿ ಎಂದು ಕಳಿಸಿದೆ.

ನಾನು ಹತ್ತು ವರ್ಷದವಳಿದ್ದಾಗಿನ ಆ ಕುರಿ ನಿನಗೆ ನೆನಪಿದೆಯಾ? ನೀನು ನೀರು ತರಲು ಹೋಗಿದ್ದೆ. ಮರಿಯ ಕಾಲು ಕಂಡದ್ದೇ ತಡ, ನಾನು ಹಿಡಿದು ಎಳೆದೆ. ಮರಿ ಬಂತು, ಸಂಜೆಯೊಳಗೆ ಕುರಿ ಸತ್ತಿತು. ನೀನು ಬೈಯಲಿಲ್ಲ. ಮುಂದಿನ ಕುರಿ ಈಯುವಾಗ ನನ್ನನ್ನು ಕರೆದು ಪಕ್ಕದಲ್ಲಿ ಕೂಡಿಸಿಕೊಂಡು, ತಲೆಯ ರುಮಾಲು ಬಿಚ್ಚಿ, ನನ್ನ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿದೆ. "ಕಣ್ಣಿಲೆ ನೋಡು. ಕೈ ಬ್ಯಾಡ. ಬೇಕಾದಾಗ ನಾ ಬಿಚ್ತೇನಿ." ನನಗೆ ಮೂಗು ಕೆರೆಯುತ್ತಿತ್ತು, ನೊಣ ಬೇರೆ. ನೀನು ಬಿಚ್ಚಲೇ ಇಲ್ಲ. ಮರಿ ತಾನಾಗಿ ಬಂದು ತಾನಾಗಿ ಎದ್ದು ನಿಂತಿತು.

ಬೀದರಿಗೆ ಬಂದ ಮೊದಲ ವಾರದಿಂದಲೇ ಮಧ್ಯಾಹ್ನ ಊಟದ ಹೊತ್ತಿಗೆ ನೀನು ಹೊಲದಿಂದ ಫೋನ್ ಮಾಡುತ್ತಿದ್ದೆ. ಕೇಳುತ್ತಿದ್ದದ್ದು ಒಂದೇ, ಇವತ್ತು ಎಷ್ಟು ಈದವು ಎಂದು. ಹೆಂಗಸರು ಹಡೆಯುತ್ತಾರೆ ಅಪ್ಪಾ, ಕುರಿಗಳ ಹಾಗೆ ಮಾತಾಡಬೇಡ ಎಂದು ನಾನು ಗದರುತ್ತಿದ್ದೆ. ಮರುದಿನ ಮತ್ತೆ ಅದೇ ಪ್ರಶ್ನೆ, ಬೇಕಂತಲೇ. ನೀನು ಹೋಗಿ ನಾಲ್ಕು ತಿಂಗಳಾಯಿತು. ಈಗಲೂ ಫೋನ್ ಬರುತ್ತದೆ. ಆಸ್ಪತ್ರೆಯವರು ಭಾನುವಾರ ಡ್ಯೂಟಿಗೆ ಜನ ಇಲ್ಲ, ಬಾ ಎನ್ನುತ್ತಾರೆ. ನಿನ್ನ ಅಳಿಯ ಬಸ್ಸಿನ ಟಿಕೆಟ್ ಹರಿಯುವ ಗದ್ದಲದ ನಡುವೆ ಗ್ಯಾಸಿನ ಪುಸ್ತಕ ಎಲ್ಲಿದೆ ಎಂದು ಕೇಳುತ್ತಾರೆ. ನನ್ನ ಕೆಲಸದ ಬಗ್ಗೆ ಕೇಳುವವರು ಯಾರೂ ಇಲ್ಲ. ಅವತ್ತಿನ ದಿನ ಯಾರಿಗೂ ಹೇಳದೆ ಉಳಿದರೆ ಅದು ನಡೆದೇ ಇಲ್ಲವೇನೋ ಅನ್ನಿಸುತ್ತದೆ.

ಮೊನ್ನೆಮೊನ್ನೆಯವರೆಗೆ ವಾರ ಹೇಗೆ ಹೋಗುತ್ತಿತ್ತು ಗೊತ್ತಾ? ಸೋಮವಾರದಿಂದ ಬೀದರ, ಬೆಳಿಗ್ಗೆ ಹೆರಿಗೆ ಕೋಣೆ, ಮಧ್ಯಾಹ್ನ ಪಾಠ. ಶನಿವಾರ ಸಂಜೆ ಭಾಲ್ಕಿ, ಅಲ್ಲಿ ಅತ್ತೆಯ ಬಳಿ ಇದ್ದ ನಿನ್ನ ಮೊಮ್ಮಗಳು ಶ್ರಾವಣಿ. ಭಾನುವಾರ ಒಮ್ಮೆ ಮನೆ, ಒಮ್ಮೆ ಔರಾದ ಕಡೆಯ ಡ್ಯೂಟಿ. ನನ್ನ ಜೊತೆ ಕಲಿಯುವವರೆಲ್ಲ ಮದುವೆಯಾಗದ ಹುಡುಗಿಯರು, ನನ್ನನ್ನು ಆಂಟಿ ಎನ್ನುತ್ತಾರೆ. ಊಟಕ್ಕೆ ಅವರೆಲ್ಲ ಒಟ್ಟಿಗೆ ಹೋಗುತ್ತಾರೆ. ಕರೆಯುವುದಿಲ್ಲವೆಂದಲ್ಲ. ನಾನು ಹೋದರೆ ಅವರ ಮಾತು ನಿಲ್ಲುತ್ತದೆ. ಹಾಗಾಗಿ ಕೋಣೆಯಲ್ಲಿ ಒಬ್ಬಳೇ ಡಬ್ಬಿ ಬಿಚ್ಚುತ್ತೇನೆ. ಇಷ್ಟು ಒಂಟಿತನ ನನಗೆ ಲಗ್ನವಾಗಿ ಹೋದಾಗಲೂ ಆಗಿರಲಿಲ್ಲ ಅಪ್ಪಾ.

ಕಳೆದ ತಿಂಗಳು ಒಂದು ಶುಕ್ರವಾರ ನಮಗೆ ಕಲಿಸುವ ಮೇಡಂ ನನ್ನನ್ನು ಕರೆದು, ಈ ಹೆರಿಗೆ ನಿನ್ನದು, ನಾನು ಗೋಡೆಗೆ ಒರಗಿ ನಿಂತಿರುತ್ತೇನೆ ಎಂದರು. ಠಾಣಾ ಕುಶನೂರದ ಹುಡುಗಿ, ಚೊಚ್ಚಲು. ನನ್ನ ಹನ್ನೆರಡು ವರ್ಷದ ರೂಢಿ ಅವಸರದ್ದು, ಹಡೆಯುವವಳಿಗೆ ಮುಕ್ಕು ಮುಕ್ಕು, ಜೋರು ಹಾಕು ಎಂದು ಕೂಗುವುದು. ಇಲ್ಲಿ ಕಲಿಸುವುದೇ ಬೇರೆ. ಅವಳು ಮಲಗಲು ಒಲ್ಲೆ ಎಂದಳು, ಮಲಗಿಸಲಿಲ್ಲ. ಮಂಚ ಹಿಡಿದು ಕುಕ್ಕರಗಾಲಲ್ಲಿ ಕೂತಳು. ಕೂಸಿನ ಎದೆಬಡಿತ ಕೇಳುತ್ತ, ನೀರು ಕುಡಿಸುತ್ತ ನಾನು ನೆಲದ ಮೇಲೆ ಕೂತೆ. ಅವಳ ಅತ್ತೆಗೆ ತಡೆಯಲಾಗಲಿಲ್ಲ. "ಸಿಸ್ಟರ್, ಸುಮ್ನ ಕುಂತೀರಲ್ರಿ, ಏನರ ಮಾಡ್ರಿ" ಎಂದಳು. "ಕಾಯ್ತೇನ್ರೀ ಅವ್ವಾ, ಇದೂ ಕೆಲಸನೇ ಅದ" ಎಂದೆ. ನನ್ನ ಕೈಗಳು ತಾವಾಗಿ ಬೆನ್ನ ಹಿಂದೆ ಹೋಗಿದ್ದವು. ಬೇಕಾದ ಗಳಿಗೆಗೆ ಮುಂದೆ ಬಂದವು. ಹೆಣ್ಣು ಕೂಸು, ಒಂದು ಹೊಲಿಗೆಯೂ ಬೀಳಲಿಲ್ಲ. ಎಲ್ಲಿ ಕಲಿತೆ ಇಷ್ಟು ತಾಳ್ಮೆ ಎಂದು ಮೇಡಂ ಕೇಳಿದರು.

ಮರುದಿನ ಭಾಲ್ಕಿಗೆ ಹೋಗುವಾಗ ಹೊಟ್ಟೆ ತುಂಬ ಅದೇ ಮಾತು. ಊಟಕ್ಕೆ ಕೂತಾಗ ಶ್ರಾವಣಿಗೆ ಎಲ್ಲ ಹೇಳಿದೆ, ಕೂಸು ಕಣ್ಣು ಬಿಟ್ಟದ್ದು, ತಾಯಿಯ ಎದೆಯ ಮೇಲೆ ಮಲಗಿಸಿದ್ದು. ಅವಳು ಗಮನವಿಟ್ಟು ಕೇಳಿದಳು. "ಮಮ್ಮಿ, ಆ ಕೂಸಿನ ಮಮ್ಮಿ ಅದರ ಕೂಡನೇ ಇರ್ತಾಳ?" ಎಂದಳು. ಇರುತ್ತಾಳೆ ಎಂದೆ. ಹಾಂ ಎಂದು ತಲೆಯಾಡಿಸಿ ಅಜ್ಜಿಯ ಕೈಯಿಂದ ಮುಂದಿನ ತುತ್ತು ಇಸಿದುಕೊಂಡಳು. ಅತ್ತರೆ, ರಂಪ ಮಾಡಿದರೆ ತಡೆದುಕೊಳ್ಳುತ್ತಿದ್ದೆ. ಆರು ವರ್ಷದ ಹುಡುಗಿ ನನ್ನಿಂದ ಇದು ಬೇಕು ಎಂದು ಕೇಳುವುದನ್ನೇ ಬಿಟ್ಟಿದ್ದಳು.

ಭಾನುವಾರ ಸಾಯಗಾಂವಕ್ಕೆ ಹೋದದ್ದು, ಕೋರ್ಸ್ ಬಿಡುತ್ತೇನೆ ಎಂದು ಅವ್ವನಿಗೆ ಹೇಳಲು. ಬಿಡುವ ಅರ್ಜಿ ಬರೆದು ಚೀಲದಲ್ಲಿಟ್ಟುಕೊಂಡಿದ್ದೆ. ಅವ್ವ ನಿನ್ನ ಕೋಲು ಹಿಡಿದು ಕುರಿಗಳಿಗೆ ನೀರು ಕುಡಿಸುತ್ತಿದ್ದಳು. ಬಾಯಿಂದ ಬಂದದ್ದು ಮಾತ್ರ ಬೇರೆ. ಅವ್ವಾ, ನೀನು ಬೀದರಿಗೆ ಬಂದರೆ ಶ್ರಾವಣಿಯನ್ನು ನನ್ನ ಹತ್ತಿರ ಇಟ್ಟುಕೊಳ್ಳಬಹುದು ಎಂದೆ. ಹೇಳಿ ಕುರಿಗಳ ಕಡೆ ನೋಡಿದೆ. ಅವುಗಳನ್ನು ಬಿಟ್ಟು ಅವಳು ಬರುವ ಹಾಗಿಲ್ಲ, ನೋಡಿಕೊಳ್ಳಲು ನನಗೆ ಅಣ್ಣ ತಮ್ಮಂದಿರಿಲ್ಲ, ಅದು ಗೊತ್ತಿದ್ದೇ ಕೇಳಿದೆ. ಇದನ್ನು ನಾನು ಮುಚ್ಚಿಡುವುದಿಲ್ಲ. ಅವ್ವ ಮುಂದಿನ ಕುರಿಗೆ ನೀರು ಕುಡಿಸಲು ಹೋದಳು. ಮೂರನೇ ದಿನ ಫೋನ್ ಮಾಡಿ, "ಕುರಿ ನಿಮ್ಮಪ್ಪನ್ವು. ನೀನೂ ಅವರಾಕೀನೇ. ಯಾವುದರ ಒಂದು ಸಾಕಬೇಕಲ್ಲ" ಎಂದಳು.

ಕುರಿಗಳನ್ನು ಕೊಳ್ಳಲು ಬಂದವರು ಎಕಂಬಾದ ಕುರಿಗಾರರು, ಒಳ್ಳೆಯ ಜನ, ಕಟುಕರಿಗೆ ಕೊಡುವವರಲ್ಲ. ನಾನು ರಜೆ ಹಾಕಿ ಬಂದಿದ್ದೆ. ಕುರಿಗಳು ಟೆಂಪೋ ಹತ್ತಲಿಲ್ಲ. ಹೊಡೆಯಬೇಡಿ ಎಂದು ಅವ್ವ ಸೆರಗು ಸಿಕ್ಕಿಸಿ ತಾನೇ ಮೊದಲು ಹತ್ತಿ, ನಿನ್ನ ಹಾಗೆ ನಾಲಗೆ ಲೊಟಕಿಸಿ ಕರೆದಳು. ನಂಬಿ ಒಂದೊಂದಾಗಿ ಹತ್ತಿದವು. ಆಮೇಲೆ ಅವುಗಳ ನಡುವೆಯೇ ದಾರಿ ಮಾಡಿಕೊಂಡು ಅವ್ವ ಇಳಿದು ಬಂದಳು. ಟೆಂಪೋ ತಿರುವಿನಲ್ಲಿ ಮರೆಯಾಗುವವರೆಗೂ ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ.

ಈಗ ಬೀದರಿನಲ್ಲಿ ಎರಡು ಕೋಣೆಯ ಮನೆ ಹಿಡಿದಿದ್ದೇನೆ. ಅವ್ವನಿಗೆ ಕೈ ಖಾಲಿಯಾಗಿ ಏನು ಮಾಡಬೇಕೋ ತೋಚುವುದಿಲ್ಲ, ಬೆಳಗಾದರೆ ಬಾಗಿಲಿಗೆ ಬಂದು ನಿಲ್ಲುತ್ತಾಳೆ. ಶ್ರಾವಣಿ ನಿನ್ನೆ ನನಗೆ ಜಡೆ ಹಾಕು ಎಂದಳು, ಅವಳು ನನ್ನಿಂದ ಏನಾದರೂ ಕೇಳಿ ಎಷ್ಟು ದಿನವಾಗಿತ್ತು. ಇನ್ನು ಏಳು ತಿಂಗಳು ಉಳಿದಿದೆ ಅಪ್ಪಾ, ಮುಗಿಸುತ್ತೇನೆ. ನಿನ್ನ ಎದುರು ಹೇಗಾದರೂ ಕ್ಷಮೆ ಕೇಳಿಕೊಂಡೇನು, ನೀನು ಕ್ಷಮಿಸುವವನೇ. ಅರ್ಧಕ್ಕೆ ಬಿಟ್ಟರೆ ಆ ಕುರಿಗಳಿಗೆ ಮುಖ ತೋರಿಸಲಾರೆ.