ಪವಿ ಊದಿದ ಹಳದಿ ಕ್ಯಾಸೆಟ್

ಮಿರ್ಲೆ
೧೮ ನವೆಂಬರ್ ೨೦೨೪

ಪ್ರೀತಿಯ ರಘಣ್ಣ,

ಹೇಗಿದ್ದೀಯ? ತೇಜ್‌ಪುರದಲ್ಲಿ ಆಗಲೇ ಚಳಿಯಂತೆ, ಅವ್ವ ಟಿವಿ ನೋಡಿ ತಿಳಿದುಕೊಂಡಿದ್ದಾಳೆ. ಮೊಣಕಾಲಿಗೆ ಎಣ್ಣೆ ಹಚ್ಚುತ್ತಿದ್ದೀಯೋ, ಶೀಷೆ ಇನ್ನೂ ಬ್ಯಾಗಿನಲ್ಲೇ ಇದೆಯೋ? ಸ್ಪಂದನಾ ಅತ್ತಿಗೆಗೆ ಆರ್ಮಿ ಕ್ವಾರ್ಟರ್ಸ್ ಒಗ್ಗಿತೇ? ಇಲ್ಲಿ ಎಲ್ಲರೂ ಚೆನ್ನಾಗಿದ್ದೇವೆ. ಬಿ.ಎ. ಮುಗಿಸಿದರೂ ನನಗೆ ಫೋನಿನಲ್ಲಿ ಮಾತು ಬರುವುದಿಲ್ಲ, ನಿನಗೇ ಗೊತ್ತು. ನಿನ್ನ ಹಿಂದೆ ಯಾರಾದರೂ ನಗುವುದು ಕೇಳಿಸಿದರಂತೂ ಬರುವುದೇ ಇಲ್ಲ. ಅದಕ್ಕೇ ಈ ಕಾಗದ.

ನಿನ್ನ ವಿಡಿಯೋ ಗೇಮ್ ಟ್ರಂಕಿನ ವಿಷಯ. ಇಡುವುದೋ ಮಾರುವುದೋ ನೀನೇ ನೋಡು ಅಂದೆ. ಅತ್ತಿಗೆ ಫೋನಿಗೆ ಎಮ್ಯುಲೇಟರ್ ಹಾಕಿಕೊಂಡಿದ್ದಾರೆ, ಹಳೇ ಆಟಗಳೆಲ್ಲ ಅದರಲ್ಲೇ ಸಿಗುತ್ತವೆ, ಊಟವಾದ ಮೇಲೆ ಇಬ್ಬರೂ ಆಡುತ್ತೇವೆ ಅಂತಲೂ ಅಂದೆ. ಆ ಕೊನೆಯ ಮಾತು ಹೇಳದಿದ್ದರೂ ನಡೆಯುತ್ತಿತ್ತು. ಮಾರನೇ ದಿನ ಅತ್ತಿಗೆ ತಾವೇ ಫೋನ್ ಮಾಡಿ, ಯಾವ್ಯಾವ ಆಟದ ಕ್ಯಾಸೆಟ್ ಇವೆ ಓದು ಪವಿತ್ರ, ಎಲ್ಲವನ್ನೂ ಹುಡುಕಿ ಹಾಕಿಕೊಳ್ಳುತ್ತೇನೆ ಎಂದರು. ಅಟ್ಟದಿಂದ ಟ್ರಂಕು ಇಳಿಸಿ ಇಪ್ಪತ್ತಾರು ಹೆಸರು ಓದಿದೆ.

ಕ್ಯಾಸೆಟ್‌ಗಳ ಮೇಲೆ ನಿನ್ನ ಪೆನ್ಸಿಲ್ ಗುರುತು ಹಾಗೇ ಇದೆ. ಅಪ್ಪ ಜಗಲಿಯಲ್ಲಿ ಹೊಗೆಸೊಪ್ಪನ್ನು ಬಣ್ಣ ನೋಡಿ ಗ್ರೇಡ್ ಮಾಡುತ್ತಿದ್ದರೆ, ಪಕ್ಕದಲ್ಲಿ ನೀನು ಕ್ಯಾಸೆಟ್ ಗ್ರೇಡ್ ಮಾಡುತ್ತಿದ್ದೆ. ದೂಳು ಹೋಗಲೆಂದು ಬಾಯಿಂದ ಒಂದು ಸಲ ಊದಿದರೆ ಓಡುವುದಕ್ಕೆ ಒಂದು, ಎರಡು ಸಲಕ್ಕೆ ಎರಡು. ಆ ಹಳದಿ ಟ್ಯಾಂಕ್ ಆಟ ಮಾತ್ರ ನೀನು ಊದಿದರೂ, ಪಕ್ಕದ ಮನೆ ನಂಜುಂಡೇಶ ಊದಿದರೂ ಏಳುತ್ತಿರಲಿಲ್ಲ. ನಾನು ಊದಿದರೆ ಏಳುತ್ತಿತ್ತು, ಅದಕ್ಕೇ ಅದರ ಮೇಲೆ ನೀನು ‘ಪವಿ’ ಎಂದು ಬರೆದೆ. ಆ ಎರಡಕ್ಷರದ ಜಂಬಕ್ಕೆ ನಾನು ಎಷ್ಟು ಊದಿದೆನೋ. “ಒಲೆ ಊದು ಅಂದ್ರೆ ಕಣ್ಣುರಿ ಅಂತೀಯೆ, ಅದ್ನ ಮಾತ್ರ ಕೆನ್ನೆ ಬಾತ್ಕಳಂಗೆ ಊದ್ತೀಯಲ್ಲವ್ವ” ಎಂದು ಅವ್ವ ಛೇಡಿಸುತ್ತಿದ್ದಳು. ಊದಿಕೊಟ್ಟ ಮೇಲೆ ಎರಡನೇ ರಿಮೋಟು ನಂಜುಂಡೇಶನಿಗೆ. ನಾನು ಕೇಳಿದಾಗಲೆಲ್ಲ ನಿನ್ನದೊಂದೇ ಮಾತು: “ಈ ಸಲ ಆಗೋಗ್ಲಿ ಬುಡು, ಮುಂದಿನ್ ಆಟ ನಿಂದೇಯ.” ಅಷ್ಟರಲ್ಲಿ ಕರೆಂಟು ಹೋಗುತ್ತಿತ್ತು. ನಂಜುಂಡೇಶನ ಮೇಲಿದ್ದ ಹೊಟ್ಟೆಕಿಚ್ಚು ಎಂದೋ ಆರಿತು ಅಂದುಕೊಂಡಿದ್ದೆ. ಅದು ತೇಜ್‌ಪುರಕ್ಕೆ ಬಂದಿದೆ.

ಮೊನ್ನೆ ಮೈಸೂರಿನಿಂದ ಶಿವಶಂಕರ ಎನ್ನುವವರು ಬಂದರು, ಹಳೇ ಗೇಮ್ ಕೂಡಿಡುವವರು. ಪರೀಕ್ಷಿಸಲು ಚಿಕ್ಕ ಟಿವಿಯನ್ನೂ ತಂದಿದ್ದರು. ಮಿಕ್ಕವೆಲ್ಲ ಓಡಿದವು, ಹಳದಿಯದು ಏಳಲಿಲ್ಲ. ಇದು ನನ್ನ ಕೆಲಸ ಎಂದು ಇಸಿದುಕೊಂಡು ಬಾಯಿಗೆ ಹಿಡಿದೆ. ಅವರು ಕೈ ಅಡ್ಡ ತಂದರು. “ಊದ್ಬೇಡಿ ಕಣಮ್ಮ. ಬಾಯಿ ತೇವ ತಗುಲಿ ತಗುಲಿನೇ ಇದು ಹಿಂಗಾಗಿರೋದು” ಎಂದು ಒಳಗಿನ ತಾಮ್ರದ ಹಲ್ಲು ತೋರಿಸಿದರು. ಅಷ್ಟೂ ಹಸಿರು ಹಿಡಿದಿತ್ತು. ಬೇರೆಯವಕ್ಕೆ ಇಷ್ಟು ಆಗಿರಲಿಲ್ಲ. ಅಣ್ಣ, ನಿಮ್ಮ ಆಟದಲ್ಲಿ ನನಗಿದ್ದದ್ದು ಒಂದೇ ಕೆಲಸ, ಅದರಿಂದಲೇ ಆಟ ಕೆಟ್ಟಿತ್ತು. ಅತ್ತಿಗೆಯ ಫೋನಿಗೆ ಯಾರೂ ಊದಬೇಕಿಲ್ಲ. ನಡುವೆ ನಿಲ್ಲಿಸಿದರೆ ನಿಂತಲ್ಲಿಂದಲೇ ಮತ್ತೆ ಶುರುವಾಗುತ್ತದಂತೆ. ಅವರಿಗೆ ಕಾಯುವುದೇ ಗೊತ್ತಿಲ್ಲ.

ಶಿವಶಂಕರ ಹತ್ತಿಗೆ ಸ್ಪಿರಿಟ್ ಹಾಕಿ ನಿಧಾನಕ್ಕೆ ಉಜ್ಜಿದರು. ಎರಡನೇ ಸಲಕ್ಕೆ ಟ್ಯಾಂಕಿನ ಸದ್ದು ಬಂತು. ಅವ್ವ ಸೌಟು ಹಿಡಿದುಕೊಂಡೇ ಅಡುಗೆಮನೆಯಿಂದ ಹೊರಗೆ ಬಂದು, ನೀನು ಬಂದೆಯೇನೋ ಎಂದು ಬಾಗಿಲ ಕಡೆ ನೋಡಿ, ಒಳಗೆ ಹೋದಳು.

ನೀನೇ ನೋಡು ಅಂದಿದ್ದೆಯಲ್ಲ, ಮಾರಿಬಿಟ್ಟೆ.

ಚಳಿಗೆ ಕಿವಿ ಮುಚ್ಚಿಕೋ, ಇಬ್ಬರೂ ತಣ್ಣಗಿರಿ ಎಂದು ಅವ್ವನ ಹರಕೆ. ಅತ್ತಿಗೆಯನ್ನು ಕೇಳಿದೆನೆಂದು ಹೇಳು. ಮನಸಾರೆ ಎಂದು ಬರೆಯಲಾರೆ, ಆದರೂ ಹೇಳು.

ನಿನ್ನ ತಂಗಿ,
ಪವಿತ್ರ

ಮರೆತಿದ್ದೆ: ಅಂಚೆಯ ಮಂಟಯ್ಯನವರು ಸೈಕಲ್ ನಿಲ್ಲಿಸಿಕೊಂಡು ಕಾಯುತ್ತಿದ್ದಾರೆ, ಬೇಗ ಬರೆಯುತ್ತೇನೆ. ಟ್ರಂಕಿನಲ್ಲಿದ್ದದ್ದು ಇಪ್ಪತ್ತೇಳು. ಹಳದಿಯದರ ಹೆಸರನ್ನು ಅತ್ತಿಗೆಗೆ ಓದಲಿಲ್ಲ, ಬೇಕೆಂದೇ. ಅದನ್ನು ಮಾರಿಯೂ ಇಲ್ಲ. ಆಟದ ಮಷೀನು, ಎರಡೂ ರಿಮೋಟು ಅದರ ಜೊತೆಗೇ ಇವೆ. ನೀನಾಗಿ ಆ ಹೆಸರು ಅತ್ತಿಗೆಗೆ ಹೇಳಬೇಡ. ಸಂಕ್ರಾಂತಿಗೆ ರಜೆ ಹಾಕಿ ಬಾ. ಹತ್ತಿ, ಸ್ಪಿರಿಟ್ ತಂದಿಟ್ಟಿದ್ದೇನೆ, ನಾನು ಊದುವುದಿಲ್ಲ. ಮುಂದಿನ ಆಟ ನನ್ನದು.