ಕೈಗುಣ

ಮಾರ್ಚ್ 3, ಸೋಮವಾರ

ಬೆಳಿಗ್ಗೆ ಕೋಶಗಳಿಗೆ ಮೀಡಿಯಾ, ಅಂದರೆ ಅವು ಬೆಳೆಯುವ ಪೋಷಕ ದ್ರವ, ಬದಲಿಸಿದೆ. ರಕ್ತನಾಳದ ಒಳಗೋಡೆಯ ಕೋಶಗಳು... ಎಳೆಗೂಸಿಗಿಂತ ಹಟ ಜಾಸ್ತಿ. ಸಾಕುವವಳು ನಾನು. ಮೈಕ್ರೋಸ್ಕೋಪಿನ ಮುಂದೆ ಮೆರೆಯುವವಳು ಹೋದ ವರ್ಷ ಬಂದ ಹುಡುಗಿ. ಎಲ್ಲರ ಬಾಯಲ್ಲೂ ‘ಪುಟ್ಟಿ’. ಗೆದ್ದಲು ಕಟ್ಟಿದ ಹುತ್ತಕ್ಕೆ ಹಾವು ಬಂದು ಸೇರಿಕೊಂಡಂತೆ.

ಕೋಶದೊಳಗೆ ಉದ್ದುದ್ದ ಕಣಗಳಿರುತ್ತವೆ. ಲ್ಯಾಬಿನಲ್ಲಿ ನಾವು ಜೀರಿಗೆ ಅನ್ನುತ್ತೇವೆ. ಗಾಯವಾದರೆ ಒಡೆದು, ರಕ್ತ ಹೆಪ್ಪುಗಟ್ಟಿಸುವ ಸರಕು ಚೆಲ್ಲುತ್ತವೆ. ಇಷ್ಟು ವರ್ಷ ನಾನು ತೆಗೆದದ್ದು ಸತ್ತ ಕೋಶಗಳ ಫೋಟೋ. ಪುಟ್ಟಿ ಜೀರಿಗೆಗೆ ಹಸಿರು ಹೊಳಪು ಕೊಟ್ಟು, ಕೋಶ ಬದುಕಿರುವಾಗಲೇ ವಿಡಿಯೋ ತೆಗೆಯುತ್ತಾಳೆ. ಲ್ಯಾಬ್ ನಡೆಸುವ ಮೇಡಂ ಇವತ್ತು ಮೀಟಿಂಗಿನಲ್ಲಿ, “ಈಗ ನೋಡಿ, ಲ್ಯಾಬಿಗೆ ಒಂದು ಕಳೆ ಬಂತು” ಅಂದರು. ಹಾಗಾದರೆ ಇಷ್ಟು ದಿನ ನಾನೇನು ಹೆಣ ಕಾಯುತ್ತಿದ್ದೆನೇ?

ಮಾರ್ಚ್ 5

ಪುಟ್ಟಿ ಊಟಕ್ಕೆ ಹೋಗಿದ್ದಳು. ಅವಳ ರೂಮಿಗೆ ಇಣುಕಿದೆ. ಮೈಕ್ರೋಸ್ಕೋಪ್ ತನ್ನ ಪಾಡಿಗೆ ವಿಡಿಯೋ ತೆಗೆಯುತ್ತಿತ್ತು. ನನ್ನ ಮೀಡಿಯಾನೇ ಹಾಕಿದ್ದಾಳಾ, ಇನ್ನೇನಾದರೂ ಬೆರೆಸಿದ್ದಾಳಾ... ಕೋಶಗಳಿದ್ದ ಡಿಶ್ಶಿನ ಮುಚ್ಚಳ ಎತ್ತಿ ನೋಡಿದೆ. ನನ್ನದೇ. ಅದೇ ಗುಲಾಬಿ ಬಣ್ಣ. ಮುಚ್ಚಿ ಬಂದೆ. ನಾಳೆಯೂ ನೋಡಬೇಕು.

ಮಾರ್ಚ್ 12

ಲ್ಯಾಬಿನಲ್ಲಿ ಗದ್ದಲವೋ ಗದ್ದಲ. ಪುಟ್ಟಿಯ ಜೀರಿಗೆಗಳು ಯಾವ ಔಷಧಿಯೂ ಇಲ್ಲದೆ ತಾವಾಗಿಯೇ ಒಡೆಯುತ್ತಿವೆಯಂತೆ! ಐದು ವಿಡಿಯೋಗಳಲ್ಲಿ. ತಿಂಗಳ ಕೊನೆಗೆ ದೊಡ್ಡ ಸಮ್ಮೇಳನದಲ್ಲಿ ಅವಳೇ ತೋರಿಸುವುದು. ಓಡಿ ಬಂದು ತಬ್ಬಿಕೊಂಡಳು. “ಅಕ್ಕಾ, ನಿಮ್ ಕೋಶಗಳೇ ಅಲ್ವಾ!” ನಕ್ಕೆ. ಹಲ್ಲು ಮಾತ್ರ.

ಮನೆಯಲ್ಲಿ ಇವರು, “ಏನೇ, ಕುಕ್ಕರ್ ಥರ ಕೂತಿದೀಯ? ಒಂದು ಸೀಟಿ ಹೊಡೆದುಬಿಡು” ಅಂದರು.

“ಹೊಟ್ಟೆಕಿಚ್ಚು” ಅಂದೆ.

“ಅಷ್ಟೇನಾ! ನಾನೇನೋ ತಪ್ಪು ಮಾಡಿದೆ ಅನ್ಕೊಂಡಿದ್ದೆ.”

ಮಾರ್ಚ್ 20

ಇನ್ನೊಬ್ಬರು ಮಾಡಿದರೂ ಹಾಗೇ ಆಗಬೇಕು, ಆಗಲೇ ನಂಬಿಕೆ. ಮೇಡಂ ಆ ಪರೀಕ್ಷೆಯನ್ನು ನನಗೇ ಒಪ್ಪಿಸಿದ್ದರು. ವಾರವಿಡೀ ಮೈಕ್ರೋಸ್ಕೋಪಿನ ಮುಂದೆ ಕೈಕಟ್ಟಿ ಕೂತೆ. ಒಂದು ಜೀರಿಗೆಯೂ ಒಡೆಯಲಿಲ್ಲ. ಮೇಡಂ ಕನ್ನಡಕ ತೆಗೆದು, “ಇರ್ಲಿ ಬಿಡಮ್ಮ. ಕೆಲವರ ಕೈಗುಣ ಹಾಗಿರುತ್ತೆ” ಅಂದರು.

ಕೈಗುಣವಂತೆ! ಆ ಕೋಶಗಳನ್ನು ಸಾಕಿದ್ದು ಯಾರ ಕೈ?

ಮಾರ್ಚ್ 27, ಮಧ್ಯಾಹ್ನ

ಅವಳ ವಿಡಿಯೋಗಳನ್ನು ಹಾಕಿಕೊಂಡು ಕೂತೆ. ತಪ್ಪು ಹುಡುಕಲೆಂದೇ. ಸಿಕ್ಕಿತು! ಜೀರಿಗೆ ಒಡೆಯುವ ಮುಂಚೆ ಚಿತ್ರ ಒಂದು ಕ್ಷಣ ಮಂಜಾಗುತ್ತದೆ. ಡಿಶ್ ಅಲುಗಿದೆ. ಐದರಲ್ಲೂ. ಖುಷಿಯಿಂದ ಸಮಯ ನೋಡಿದೆ. ಎಲ್ಲವೂ ಊಟದ ಹೊತ್ತು.

ನಾನು ಮುಚ್ಚಳ ಎತ್ತಿದ ಹೊತ್ತು.

ಮೀಡಿಯಾ ತುಳುಕಿದೆ. ರಕ್ತ ಹರಿಯುವ ದಾರಿಯ ಕೋಶಗಳು, ಹರಿವು ಬದಲಾದರೆ ಗೊತ್ತಾಗದೇ ಇರುತ್ತದೆಯೇ? ಯಾವುದೂ ತಾನಾಗಿ ಒಡೆದಿಲ್ಲ. ನಾನು ಒಡೆದದ್ದು.

ಹೇಳಿದರೆ ನನ್ನ ಮಾನ ಹೋಗುತ್ತದೆ. ಹೇಳದಿದ್ದರೆ ಇವತ್ತಲ್ಲ ನಾಳೆ ಯಾರೋ ಹಿಡಿಯುತ್ತಾರೆ, ಎಲ್ಲರೆದುರು ಅವಳ ಮಾನ. ಅದನ್ನು ನೆನೆದಾಗ ಒಳಗೆಲ್ಲೋ ಹಿತವಾಯಿತು. ಥೂ.

ಸಂಜೆ

ಪುಟ್ಟಿ ಸಮ್ಮೇಳನಕ್ಕೆ ಹೊರಡುವ ಮುಂಚೆ ಹೇಳಲು ಬಂದಳು. “ಅಕ್ಕಾ, ವಿಡಿಯೋ ಮಂಜಾಗೋದು ನೋಡಿ ಮೇಡಂ ಕೇಳಿದ್ರು, ಡಿಶ್ ಯಾರಾದ್ರೂ ಮುಟ್ಟಿದ್ರಾ ಅಂತ. ಆ ರೂಮಿಗೆ ಬರೋದು ಅಕ್ಕ ಒಬ್ರೇ, ಅವರು ಕೇಳ್ದೆ ಏನೂ ಮುಟ್ಟಲ್ಲ ಅಂದೆ.”

“ಹುಷಾರಾಗಿ ಹೋಗಿ ಬಾ” ಅಂದೆ.

ಮಾರ್ಚ್ 29, ಬೆಳಿಗ್ಗೆ

ತಡೆಯಲಾಗಲಿಲ್ಲ. ಫೋನ್ ಮಾಡಿದೆ.

“ಪುಟ್ಟೀ, ಡಿಶ್ ಮುಟ್ಟಿದ್ದು ನಾನು.”

ಆ ಕಡೆಯಿಂದ ಮೆಲ್ಲಗೆ, “ಐದೂ ಸಲಾನಾ ಅಕ್ಕಾ?”

“ಇಲ್ಲಮ್ಮ. ಒಂದ್ಸಲ.”

ಬಾಯಿ ಅಂದುಬಿಟ್ಟಿತು.

“ಅಬ್ಬಾ! ಎದೆ ಧಸಕ್ ಅಂದಿತ್ತು. ಯಾವುದು ಹೇಳಿ, ಅದೊಂದನ್ನ ತೆಗೆದುಬಿಡ್ತೀನಿ. ಇನ್ನೂ ನಾಲ್ಕಿದೆಯಲ್ಲ! ಬೇರೆ ಯಾರಾದ್ರೂ ಆಗಿದ್ರೆ ಹೇಳ್ತಾನೇ ಇರ್ಲಿಲ್ಲ ಅಕ್ಕಾ.”

ಮೊದಲನೆಯದು ಅಂದೆ. ಇಟ್ಟೆ.

ಮತ್ತೆ ಮಾಡಿದೆ. ಸ್ವಿಚ್ ಆಫ್. ಇನ್ನೇನು ವೇದಿಕೆಯಲ್ಲಿ ಅವಳ ಸರದಿ. ಮೇಡಂ ಪಕ್ಕದಲ್ಲೇ ಇರುತ್ತಾರೆ. ಅವರ ನಂಬರ್ ನನ್ನ ಹತ್ತಿರ ಇದೆ. ಇದೆ, ಆದರೆ—