ಮೊದಲನೇ ಪಾಠದ ಪ್ರಕಾರ ನಾನು ಜೀವಿಯಲ್ಲ

ವಿಜ್ಞಾನ ಪಠ್ಯಪುಸ್ತಕ ಸಮಿತಿಯ ಅಧ್ಯಕ್ಷರಿಗೆ,

ಮಾನ್ಯರೇ,

ತಮ್ಮ ಜೀವಶಾಸ್ತ್ರದ ಮೊದಲನೇ ಪಾಠದ ಪ್ರಕಾರ ನಾನು ಜೀವಿಯಲ್ಲ. ಹಾಗಾದರೆ ಈ ಪತ್ರ ಬರೆಯುತ್ತಿರುವುದು ಯಾರು ಎಂದು ತಾವು ಕೇಳಬಹುದು. ನನಗೂ ಅದೇ ಅನುಮಾನ.

ಚಲನೆ, ಬೆಳವಣಿಗೆ, ಉಸಿರಾಟ, ವಿಸರ್ಜನೆ, ಪ್ರಚೋದನೆಗೆ ಪ್ರತಿಕ್ರಿಯೆ, ಸಂತಾನೋತ್ಪತ್ತಿ. 'ಈ ಎಲ್ಲ ಲಕ್ಷಣಗಳಿದ್ದರೆ ಮಾತ್ರ ಅದು ಜೀವಿ' ಎಂದು ದಪ್ಪ ಅಕ್ಷರದಲ್ಲಿ ಅಚ್ಚು ಹಾಕಿಸಿದ್ದೀರಿ. ಮೊದಲಿನವೆಲ್ಲ ನನ್ನಲ್ಲಿವೆ, ಬೆಳವಣಿಗೆಯಂತೂ ಈಗ ಅಡ್ಡಡ್ಡಕ್ಕೆ ಜೋರಾಗಿಯೇ ನಡೆದಿದೆ. ಕೊನೆಯದರಲ್ಲಿ ಡುಮ್ಕಿ. ನನಗೆ ಮಕ್ಕಳಾಗಲಿಲ್ಲ. ಹೇಸರಗತ್ತೆಗೂ ಮರಿಯಾಗುವುದಿಲ್ಲ, ಅದು ಜೀವಿಯಲ್ಲ ಎನ್ನುವವರು ಒಮ್ಮೆ ಅದರ ಹಿಂದೆ ಹೋಗಿ ನಿಂತು ನೋಡಬೇಕು.

ನಾನಿರುವುದು ಅಣ್ಣನ ಮನೆಯಲ್ಲಿ. ಊಟಕ್ಕೆ ಕೂತಾಗ ಅಣ್ಣನ ಮಗಳು, "ಅತ್ತೆ, ನಿಂಗೆ ಮಕ್ಳಿಲ್ವಲ್ಲ, ಮತ್ತೆ ನೀನು ನಿರ್ಜೀವಿನಾ?" ಎಂದಳು. ಅತ್ತಿಗೆಯ ಕೈಯಲ್ಲಿದ್ದ ಸೌಟು ಅಲ್ಲೇ ನಿಂತಿತು. "ನಂಗೆ ಹಸಿವಾಗ್ತಿದೆ. ಸಾಕ್ಷಿಗೆ ಅಷ್ಟು ಸಾಲ್ದಾ?" ಎಂದೆ. ಎಲ್ಲರೂ ನಕ್ಕೆವು. ಹುಡುಗಿ ಮಾತ್ರ ಅದನ್ನು ಮನಸ್ಸಿಗೆ ತೆಗೆದುಕೊಂಡು ಪರೀಕ್ಷೆಯಲ್ಲಿ ಬರೆದೇಬಿಟ್ಟಳು: 'ಕೆಲವು ಜೀವಿಗಳಿಗೆ ಮಕ್ಕಳಾಗುವುದಿಲ್ಲ. ಉದಾಹರಣೆ: ನಮ್ಮ ಅತ್ತೆ.' ಸಿಕ್ಕಿದ್ದು ಸೊನ್ನೆ, ಜೊತೆಗೆ ತರಗತಿಯ ನಗು.

ನಾನು ಶಾಲೆಗೆ ಹೋದೆ. ಟೀಚರ್ ಪಾಪ, ತಗ್ಗಿದ ದನಿಯಲ್ಲಿ, "ಅವಳು ಬರ್ದಿದ್ದು ಸರಿ ಅಂತ ನಂಗೂ ಗೊತ್ತು ಮೇಡಂ. ಆದ್ರೆ ಪುಸ್ತಕದಲ್ಲಿ 'ಮಾತ್ರ' ಅಂತಿದ್ಯಲ್ಲ" ಎಂದರು.

ತಮ್ಮ ಕಚೇರಿಗೆ ಎರಡು ಸಲ ಬರೆದೆ. ಪ್ರತಿಕ್ರಿಯೆ ಇಲ್ಲ. ವಿಚಾರಿಸಿದರೆ ಫೈಲು ಇಟ್ಟ ಜಾಗದಿಂದ ಕದಲಿಲ್ಲ ಎಂದರು. ಅಂದರೆ ಚಲನೆಯೂ ಇಲ್ಲ. ಹಾಗಾದರೆ ತಮ್ಮ ಸಮಿತಿಯಾದರೂ ಜೀವಂತವಾಗಿದೆಯೇ? ಸಂತಾನೋತ್ಪತ್ತಿಯಲ್ಲೇನೋ ತಾವು ನನಗಿಂತ ಮುಂದು: ನನ್ನ ಪತ್ರ ಓದಲೆಂದೇ ಒಂದು ಉಪಸಮಿತಿ ಹುಟ್ಟಿದೆಯಂತೆ. ಬಾಕಿ ಉಳಿದಿರುವುದು ವಿಸರ್ಜನೆ. ಸಮಿತಿಗಳ ವಿಷಯದಲ್ಲಿ ಆ ಪದಕ್ಕೆ ಬೇರೆ ಅರ್ಥವೂ ಉಂಟೆಂದು ಕೇಳಿದ್ದೇನೆ.

ಇಷ್ಟರಲ್ಲಿ ಮತ್ತೊಂದು ಪರೀಕ್ಷೆ ಆಯಿತು. ಹುಡುಗಿಗೆ ಪೂರ್ತಿ ಅಂಕ ಬಂತು, ಆದರೆ ಉತ್ತರಪತ್ರಿಕೆಯನ್ನು ನನಗೆ ತೋರಿಸಲಿಲ್ಲ. ಯಾಕೆ ಎಂದು ಕೇಳಿದರೆ ಅತ್ತುಬಿಟ್ಟಳು. "ಪುಸ್ತಕದಲ್ಲಿದ್ದ ಹಾಗೇ ಬರ್ದೆ. ಮಾರ್ಕ್ಸ್‌ಗೋಸ್ಕರ ನಿನ್ನ ಬಿಟ್ಬಿಟ್ಟೆ ಅತ್ತೆ." ಮಕ್ಕಳಿಲ್ಲ ಎಂದು ಜನ ಆಡಿದ ಮಾತೆಲ್ಲ ನನಗೆ ಅಭ್ಯಾಸವಾಗಿದೆ. ಇದು ಆಗಿಲ್ಲ, ಆಗುವುದೂ ಇಲ್ಲ. ಸರಿ ಎಂದು ಗೊತ್ತಿದ್ದದ್ದನ್ನು ಅಂಕಕ್ಕಾಗಿ ಅಳಿಸುವುದನ್ನು ಅವಳಿಗೆ ಕಲಿಸಿದವರು ತಾವು.

ನಾನು ಕನ್ನಡಕದ ಅಂಗಡಿಯವಳು. ದಿನವಿಡೀ ಜನರಿಗೆ ಅಕ್ಷರ ತೋರಿಸಿ "ಈಗ ಕಾಣುತ್ತಾ?" ಎಂದು ಕೇಳುತ್ತೇನೆ. ತಮಗೂ ತೋರಿಸುತ್ತಿದ್ದೇನೆ: 'ಮಾತ್ರ'. ಆ ಎರಡಕ್ಷರವನ್ನು ಹೊಡೆದುಹಾಕಿ. ಅವಳ ಮೊದಲ ಉತ್ತರಕ್ಕೆ ಸಲ್ಲಬೇಕಾದ ಅಂಕ ಕೊಡಿಸಿ. ನನ್ನನ್ನು ಬಿಡಬೇಕಾಗಿಯೇ ಇರಲಿಲ್ಲ ಎಂದು ನಾನು ಅವಳಿಗೆ ಹೇಳಬೇಕಾಗಿದೆ.

ಇಂತಿ,
ಉತ್ತರಕ್ಕಾಗಿ ಇನ್ನೂ ಉಸಿರಾಡುತ್ತಿರುವ,
ಉದಾಹರಣೆ